ಮುಂದಿನವನ ಬೆನ್ನು

ಅಗ್ನಿಶಾಮಕ ಠಾಣೆಯಲ್ಲಿ ಚಿಕ್ಕಪ್ಪ ಸದಾ ಎರಡನೆಯವನು. ನೀರಿನ ಪೈಪಿನ ಬಾಯಿ ಹಿಡಿಯುವವನು ಮುಂದೆ. ನೀರಿನ ರಭಸಕ್ಕೆ ಅವನು ಹಿಂದಕ್ಕೆ ಬೀಳದಂತೆ ಬೆನ್ನಿಗೆ ಭುಜ ಕೊಟ್ಟು ನಿಲ್ಲುವವನು ಚಿಕ್ಕಪ್ಪ. ಜೊತೆಯವರು ಅವನನ್ನು ‘ಬಾಲ’ ಎಂದೇ ಕರೆಯುತ್ತಿದ್ದರು. “ಬಾಲಕ್ಕೆ ಯಾರು ಪದಕ ಕೊಡ್ತಾರೆ?” ಎಂದು ಚಿಕ್ಕಮ್ಮ ಛೇಡಿಸಿದರೆ, “ತಲೆ ಉಳಿದಿದೆಯಲ್ಲ, ಸಾಕು ಬಿಡೇ” ಎನ್ನುತ್ತಿದ್ದ.

ಗೋದಾಮಿನ ಬೆಂಕಿಯಲ್ಲಿ ಅವನ ಮುಂದಿನವನು ಸತ್ತ ಮೇಲೆ ಆ ತಮಾಷೆ ನಿಂತಿತು. ಸತ್ತವನ ಫೋಟೋ ಠಾಣೆಯ ಗೋಡೆ ಏರಿತು. ‘ಎದೆಗುಂದದೆ ನಿಂತ ವೀರ’ ಎಂದು ಕೆಳಗೆ ಬರೆಸಿದರು. ಬರೆಸುವಾಗ ಚಿಕ್ಕಪ್ಪನನ್ನು ಯಾರೂ ಕೇಳಲಿಲ್ಲ. ಅವನೂ ತುಟಿ ಪಿಟಕ್ಕೆನ್ನಲಿಲ್ಲ. ಕೀರ್ತಿ ಎಂಬುದು ಸತ್ತವರಿಗೆ ನಾವು ಹೊಲಿಸುವ ಅಂಗಿ. ಅಳತೆಗೆ ಅವರು ಸಿಗುವುದಿಲ್ಲ.

ವರ್ಷಗಳ ನಂತರ ಸತ್ತವನ ಮಗ ಅದೇ ಠಾಣೆಯಲ್ಲಿ ಕೆಲಸಕ್ಕೆ ಸೇರಿದ. ತರಬೇತಿಯಲ್ಲಿ ಹೊಗೆ ತುಂಬಿದ ಕೋಣೆಯಿಂದ ಹೆದರಿ ಹೊರಗೋಡಿ ಬಂದವನು ಮನೆ ಸೇರಿ ಕದ ಹಾಕಿಕೊಂಡ. ಅವನ ತಾಯಿ ಹೇಳಿಕಳಿಸಿದರು: “ಅಣ್ಣಾ, ಅವರಪ್ಪ ಹೇಗೆ ನಿಂತಿದ್ರು ಅಂತ ನೀವೇ ಬಂದು ಹೇಳಿ. ಇವನಿಗೆ ಧೈರ್ಯ ಬರಲಿ.”

ಚಿಕ್ಕಪ್ಪನ ಜೊತೆ ನಾನೂ ಹೋದೆ. ಹುಡುಗ ಮಂಚದ ಅಂಚಿನಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು.

“ಆ ಫೋಟೋ ಮುಂದೆ ಹೇಗೆ ಓಡಾಡ್ಲಿ ಮಾವ? ಅಂಥ ಅಪ್ಪನಿಗೆ ಇಂಥ ಹೇಡಿ.”

ಚಿಕ್ಕಪ್ಪ ಅವನ ಪಕ್ಕದಲ್ಲಿ ಕೂತ. “ನಿಮ್ಮಪ್ಪ ನಡುಗ್ತಿದ್ದ ಕಣೋ. ಅವನ ಬೆನ್ನು ನನ್ನ ಭುಜಕ್ಕೆ ತಾಗಿತ್ತಲ್ಲ, ನನಗೆ ಗೊತ್ತಾಗ್ತಿತ್ತು.”

“ಆಮೇಲೆ?”

“ಪೈಪ್ ಬಿಟ್ಟು ಓಡಿದ. ಹೊಗೇಲಿ ಬಾಗಿಲು ತಪ್ಪಿತು. ಕೂಗಿದೆ, ಅವನಿಗೆ ಕೇಳಿಸಲಿಲ್ಲ.”

ಹುಡುಗನ ಮುಖ ಸಡಿಲವಾಯಿತು. ಆದರೆ ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು.

“ಓಡಿದ್ರಾ?”

“ಬದುಕೋಕೆ ಓಡಿದ, ತಾಯಿ. ನಿಮ್ಮ ಹತ್ರ ಬರೋಕೆ.”

“ಹೊಟ್ಟೆಗಿಲ್ಲದಾಗಲೂ ಅದೊಂದು ಮಾತು ಇಟ್ಕೊಂಡು ತಲೆ ಎತ್ತಿ ನಡೆದೆ. ಅದನ್ನೂ ತಗೊಂಡ್ರಿ. ಇನ್ನು ಹೊರಡಿ.”

ಹುಡುಗ ಮಾರನೆಯ ದಿನವೇ ಕೆಲಸಕ್ಕೆ ಮರಳಿದ. ಹೊಗೆಯೊಳಗೆ ನಿಲ್ಲುವುದನ್ನು ಕಲಿತ. ಆದರೆ ಚಿಕ್ಕಪ್ಪನ ಜೊತೆ ಬೇಡವೆಂದು ಬೇರೆ ಪಾಳಿ ಹಾಕಿಸಿಕೊಂಡ. ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಾನೆ.

“ಚೆನ್ನಾಗಿ ಕೆಲಸ ಮಾಡ್ತಾನಂತೆ” ಎಂದ ಚಿಕ್ಕಪ್ಪ ಒಂದು ದಿನ, ಊಟದ ಮಧ್ಯೆ, ಯಾರನ್ನೂ ನೋಡದೆ. ಚಿಕ್ಕಮ್ಮ ಇನ್ನಷ್ಟು ಅನ್ನ ಬಡಿಸಿದಳು.