ಎಡಗೈಯ ಕಾಜಾ

ನನ್ನ ಅಕ್ಕನಿಗೆ ಹಟ ಜಾಸ್ತಿ. ಕೋಟು ಹೊಲಿಯುವ ಅಂಗಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಅವಳದು. ಅಲ್ಲಿ ಕುಳಿತು ಕೈಯಲ್ಲೇ ಕಾಜಾ ಹಾಕುತ್ತಾಳೆ, ಅಂದರೆ ಗುಂಡಿ ತೂರುವ ಕಂಡಿಯ ಸುತ್ತ ದಾರದ ಅಂಚು ಕಟ್ಟುತ್ತಾಳೆ. ನಾನು ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಮಾಡುವವಳು. ಬಟ್ಟೆ ಕತ್ತರಿಸುವ ಮಾಸ್ಟರೇ ಅಂಗಡಿಯ ಯಜಮಾನರು. ಒಳ್ಳೆ ಬೆಳಕಿನ ಆ ಕುರ್ಚಿ ಒಳ್ಳೆ ಕಾಜಾ ಹಾಕುವವರಿಗೆ ಮಾತ್ರ ಎಂಬುದು ಅವರ ಕಟ್ಟುನಿಟ್ಟು.

ಹೋದ ವರ್ಷ ಅಕ್ಕನ ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ನಲ್ಲಿ ತಿರುಗಿಸಲು ಮೊಣಕೈ, ಡಬ್ಬಿಯ ಮುಚ್ಚಳ ತೆಗೆಯಲು ಗಂಡ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತರೆ, ಹೊತ್ತೇರಿದ ಮೇಲೆ ಬೆರಳು ಸ್ವಲ್ಪ ಸಡಿಲವಾಗುತ್ತಿದ್ದವು. ನಾನೇ ದರದರ ಎಳೆದುಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಇದು ವಯಸ್ಸಿನ ನೋವಲ್ಲ, ಸಂಧಿವಾತ, ಬೇಗ ಮದ್ದು ಶುರು ಮಾಡದಿದ್ದರೆ ಕೀಲುಗಳೇ ಹಾಳಾಗುತ್ತವೆ, ಊತ ಇಳಿಯುವವರೆಗೆ ಸೂಜಿ ಮುಟ್ಟಬೇಡಿ ಎಂದರು ಆಕೆ. ಮದ್ದು ಹಿಡಿಯಲು ಕೆಲವು ವಾರ ಬೇಕು ಎಂದಾಗ ಅಕ್ಕ ಎದ್ದೇಬಿಟ್ಟಳು.

“ವಾರಗಟ್ಟಲೆ ಕಾಯೋಕೆ ಮಾಸ್ಟ್ರೇನು ನಮ್ಮ ಸೋದರಮಾವನಾ?”

ಆಮೇಲೆ ಔಷಧಿ ಅಂಗಡಿಯ ನೋವಿನ ಮಾತ್ರೆ ನುಂಗುವುದೇ ಆಯಿತು. ನೋವು ಒಂದು ಗಳಿಗೆ ಸುಮ್ಮನಿರುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು, ಊತ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನಾನು ಬಾಯಿ ತೆರೆದರೆ “ಅಂಗಡೀಲಿ ಉಸಿರೆತ್ತಿದ್ರೆ ನೋಡು” ಎನ್ನುತ್ತಿದ್ದಳು. ಬೀದಿಯಲ್ಲಿ ಭಾವ ಅವಳ ಸ್ವೆಟರಿನ ಗುಂಡಿ ಹಾಕಲು ಬಂದರೆ “ಯಾರಾದ್ರೂ ನೋಡ್ತಾರೆ” ಎಂದು ಕೈ ತಳ್ಳಿ, ಚಳಿಯಲ್ಲಿ ಹಾಗೇ ನಡೆಯುತ್ತಿದ್ದಳು. ಇಂಥ ಬಿಗುಮಾನಕ್ಕೆ ಏನೆನ್ನಬೇಕೋ!

ಭಾವ ಲಾರಿ ಓಡಿಸಿ ನಿವೃತ್ತರಾದವರು, ಸಾಧು ಮನುಷ್ಯ. ಅಕ್ಕ ಮುಗಿಯದ ಕೋಟನ್ನು ಮನೆಗೆ ತಂದಾಗ, ಎದುರು ಕೂತು ಅವಳ ಕೈ ನೋಡಿ ನೋಡಿ ತಾವೇ ಕಾಜಾ ಕಲಿತರು. ಹಾಳು ಮಾಡಿದ ಚಿಂದಿಗೆ ಲೆಕ್ಕವಿಲ್ಲ. ಕೊನೆಗೆ ಕೈ ಕುದುರಿತು. ಅಂಗಡಿಯಲ್ಲಿ ಅಕ್ಕ ಹೇಗೋ ಒಂದೆರಡು ಹಾಕುವುದು, ಉಳಿದದ್ದನ್ನು ಮನೆಯಲ್ಲಿ ಭಾವ ಮುಗಿಸುವುದು. ತಿಂಗಳುಗಟ್ಟಲೆ ಹೀಗೇ ಸಾಗಿತು. ಹೆಂಡತಿಯ ಕುರ್ಚಿ ಉಳಿಸಿದೆನೆಂದು ಭಾವನ ಮುಖದಲ್ಲಿ ಎಂದೂ ಇಲ್ಲದ ಕಳೆ. ಆದರೆ ಅವರು ಎಡಚರು. ಅವರ ದಾರದ ಗಂಟುಗಳು ಅಕ್ಕನ ಗಂಟುಗಳಿಗೆ ಎದುರು ದಿಕ್ಕಿಗೆ ವಾಲುತ್ತಿದ್ದವು. ಅಕ್ಕನಿಗೆ ಅದು ಗೊತ್ತಿತ್ತು. ಗಂಡನ ಮನಸ್ಸು ನೋಯಿಸಲಾರದೆ, ಗುಂಡಿ ಹಾಕಿದ ಮೇಲೆ ಯಾರು ನೋಡುತ್ತಾರೆ ಎಂದು ಸುಮ್ಮನಿದ್ದಳು.

ಮಾಸ್ಟರ್ ಹೊಸ ಕನ್ನಡಕ ಹಾಕಿಕೊಂಡು ಬಂದ ದಿನವೇ ನಮ್ಮ ಗ್ರಹಚಾರ ಕೆಟ್ಟಿತು. ಒಂದು ಕೋಟನ್ನು ಬೆಳಕಿಗೆ ಹಿಡಿದವರು, ಅದನ್ನು ತಂದು ಅಕ್ಕನ ಮುಂದೆ ಹರಡಿದರು.

“ಒಂದೇ ಕೋಟಿಗೆ ಎರಡು ಕೈ ಬಿದ್ದಿದೆಯಲ್ಲಮ್ಮ. ಈ ಕೆಳಗಿನವು ಯಾರ್ದು?”

“ನಂದೇ.”

“ಹಾಗಾದ್ರೆ ಇಲ್ಲೊಂದು ಹಾಕು, ನೋಡೋಣ.”

ಅಕ್ಕ ಸೂಜಿ ಹಿಡಿದಳು. ಅದು ಜಾರಿ ಬಿತ್ತು. ಬಗ್ಗಿದಳು, ಬೆರಳುಗಳು ಅದನ್ನು ಹೆಕ್ಕಲಾರದೆ ನೆಲದ ಮೇಲೆ ತಡಕಾಡಿದವು. ನಾನು ಇಸ್ತ್ರಿ ಪೆಟ್ಟಿಗೆ ಬಿಟ್ಟು ಓಡಿಬಂದು ಸೂಜಿ ಎತ್ತಿದೆ. ಅದನ್ನು ಮಾಸ್ಟರಿಗೇ ಚುಚ್ಚುವಷ್ಟು ಸಿಟ್ಟು ಬಂದಿತ್ತು.

ಅವರು ಕನ್ನಡಕ ತೆಗೆದರು. “ಮೊದಲು ಮದ್ದು ಮಾಡಿಸ್ಕೊ, ತಾಯಿ. ಜಾಗ ಹಿಡಿದಿಟ್ಟಿರ್ತೀನಿ ಅಂತ ಸುಳ್ಳು ಹೇಳಲ್ಲ.”

ಮರುದಿನ ಭಾವನೂ ಸೇರಿ ಮೂವರೂ ಡಾಕ್ಟರಮ್ಮನ ಮುಂದೆ ಕೂತೆವು. ಆಕೆ ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿದರು, ಎಕ್ಸ್‌ರೇ ತೆಗೆಸಿ ನೋಡಿದರು. ಬಲಗೈಯ ಎರಡು ಬೆರಳು ಮುಟ್ಟಿ ತೋರಿಸಿದರು.

“ಇವು ಇನ್ನು ನೆಟ್ಟಗಾಗಲ್ಲ. ಈಗ್ಲಾದ್ರೂ ಮದ್ದು ತಗೊಂಡ್ರೆ ಉಳಿದವನ್ನ ಕಾಪಾಡ್ಕೋಬಹುದು. ಇಷ್ಟು ದಿನ ಯಾಕಮ್ಮ ಬರಲಿಲ್ಲ?”

“ಕೆಲಸ ನಡೀತಿತ್ತಲ್ಲ, ಡಾಕ್ಟ್ರೇ” ಎಂದಳು ಅಕ್ಕ.

ಭಾವ ತಮ್ಮ ಎಡಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಹೊರಗೆ ಬಂದರೆ ಕೊರೆಯುವ ಗಾಳಿ, ಬೀದಿ ತುಂಬ ಜನ. ಅಕ್ಕನ ಸ್ವೆಟರಿಗೆ ಗುಂಡಿ ಹಾಕಿರಲಿಲ್ಲ. ಹತ್ತಿರ ಬರುವ ಧೈರ್ಯವಿಲ್ಲದೆ ಭಾವ ದೂರದಲ್ಲೇ ನಿಂತಿದ್ದರು. ಅಕ್ಕನೇ ಹೋಗಿ ಅವರೆದುರು ನಿಂತಳು.

“ಜೇಬಿಂದ ಆ ಕೈ ತೆಗೆದು ಗುಂಡಿ ಹಾಕಿ” ಎಂದಳು. “ಚಳಿ ಆಗ್ತಿದೆ.”