ಗೋಣಿ ಹೊದ್ದ ಕಾರು

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆ ಕಾರುಗಳು ನಿಲ್ಲುವ ಜಾಗದಲ್ಲಿ ಪುಟ್ಟಪ್ಪ ಎಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾರ್ ಪುಟ್ಟಪ್ಪ ಅನ್ನಬೇಕಿತ್ತು. ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಬಂದು ಲಾರಿ ಕ್ಲೀನರಾಗಿ, ಡ್ರೈವರಾಗಿ, ಕಡೆಗೆ ಕಾಫಿ ತೋಟದವರೊಬ್ಬರು ಓಡಿಸಿ ಬಿಟ್ಟಿದ್ದ ಅಂಬಾಸಿಡರನ್ನು ಕೊಂಡು ಯಜಮಾನನಾದವನು. ಕೋಪ ಮೂಗಿನ ತುದಿಯಲ್ಲೇ ಇತ್ತು. ಬಾಗಿಲನ್ನು ಧಡಾರನೆ ಹಾಕಿದರೆ ಎಂಥ ದೊಡ್ಡ ಮನುಷ್ಯರಿಗೂ, "ನಿಮ್ಮನೆ ಕೊಟ್ಟಿಗೆ ಬಾಗಿಲಲ್ಲ ಮಾರಾಯ್ರೆ ಇದು" ಎಂದುಬಿಡುತ್ತಿದ್ದ. ಆದರೂ ಹೆರಿಗೆಗೆ ಹೆಂಗಸರನ್ನು ಕರೆದೊಯ್ಯಬೇಕಾದಾಗ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗುಂಡಿ ಬಿದ್ದ ರಸ್ತೆಯಲ್ಲೂ ಹೊಟ್ಟೆಯ ನೀರು ಅಲ್ಲಾಡದ ಹಾಗೆ ಓಡಿಸುತ್ತಾನೆ ಎಂಬ ಹೆಸರು ಅವನಿಗಿತ್ತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನ ಹೆಂಡತಿ ವನಜಳಿಗೆ ಏದುಸಿರು ಹತ್ತಿಕೊಂಡಿತು. ಹೃದಯದ ಕವಾಟ ಕೆಟ್ಟಿದೆ, ಮದರಾಸಿಗೆ ಹೋಗಿ ಆಪರೇಷನ್ ಮಾಡಿಸಿ ಅಂದರು ಡಾಕ್ಟರು. ಮದರಾಸಿನ ಹೋಟೆಲೊಂದರಲ್ಲಿ ವನಜಳ ತಮ್ಮ ಅಡಿಗೆಗಿದ್ದ. ಅವನ ಮನೆಯಲ್ಲಿ ಉಳಿದುಕೊಂಡು ಮಳೆಗಾಲ ಹಿಡಿಯುವುದರೊಳಗೆ ವಾಪಸು ಬರುವುದು ಎಂದಾಯಿತು. ಸ್ಟ್ಯಾಂಡಿನ ಇನ್ನೊಬ್ಬ ಕಾರಿನವ ಪರಮೇಶ್ವರಪ್ಪ, "ಕಾರು ನಂಗೆ ಮಾರಿ ಹೋಗು" ಎಂದು ಕೇಳಿದ. ವನಜ ಒಪ್ಪಲಿಲ್ಲ. "ಬಂದ್ಮೇಲೆ ಎಂಥ ತಿನ್ನೋದು ನಾವು? ಕಾರೊಂದು ಇದ್ರೆ ಹೆಂಗಾದ್ರೂ ಬದುಕ್ತೀವಿ" ಅಂದಳು. ಮಕ್ಕಳಿಲ್ಲದ, ಗೇಣು ಜಮೀನಿಲ್ಲದ ಮನೆಯಲ್ಲಿ ಆ ಮಾತಿಗೆ ಎದುರಾಡುವಂತಿರಲಿಲ್ಲ.

ಉಪ್ಪು, ಒಣಮೀನಿನ ವ್ಯಾಪಾರದ ಅಬ್ದುಲ್ ಸತ್ತಾರ್ ಸಾಹೇಬರು ತಮ್ಮ ಮಂಡಿಯ ಹಿಂದಿನ ತಗಡಿನ ಶೆಡ್ಡನ್ನು ಬಿಟ್ಟುಕೊಟ್ಟರು. ಪುಟ್ಟಪ್ಪ ಮಗುವನ್ನು ಮಲಗಿಸುವವನ ಹಾಗೆ ಕಾರನ್ನು ಅಲ್ಲಿ ನಿಲ್ಲಿಸಿದ. ಟಯರು ಚಪ್ಪಟೆಯಾಗದಿರಲೆಂದು ಜಾಕ್ ಕೊಟ್ಟು ಎತ್ತಿ ಹಲಸಿನ ದಿಮ್ಮಿಗಳ ಮೇಲೆ ಕೂರಿಸಿದ. ರೇಡಿಯೇಟರಿನ ನೀರು ಇಳಿಸಿದ, ಪೆಟ್ರೋಲು ಬಸಿದ, ಬ್ಯಾಟರಿ ಬಿಚ್ಚಿ ಸಾಹೇಬರ ಅಂಗಡಿಯೊಳಗಿಟ್ಟ. ಪ್ಲಗ್ಗು ತೆಗೆದು ಸಿಲಿಂಡರುಗಳಿಗೆ ಒಂದೊಂದು ಚಮಚ ಆಯಿಲ್ ಬಿಟ್ಟ. ಇಲಿ ಹೊಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದ, ಸೀಟಿನ ಮೇಲೆ ಹೊಗೆಸೊಪ್ಪು ಹರಡಿದ, ಬಂಪರಿಗೆ ಗ್ರೀಸು ಬಳಿದ. ಇನ್ನು ಮೇಲೊಂದು ಹೊದಿಕೆ ಬೇಕಿತ್ತು. ಟಾರ್ಪಾಲಿನ ಬೆಲೆ ಕೇಳಿಯೇ ಸುಮ್ಮನಾಗಿದ್ದ.

ಹೊರಡುವ ಹಿಂದಿನ ದಿನ ವನಜ ಒಂದು ದೊಡ್ಡ ಗಂಟು ತಂದು ಅವನ ಮುಂದೆ ಬಿಚ್ಚಿದಳು. ಅವನಿಗೆ ಗೊತ್ತಾಗದ ಹಾಗೆ ಸಾಹೇಬರ ಮಂಡಿಯಿಂದ ಖಾಲಿ ಗೋಣಿಚೀಲ ತರಿಸಿ, ದಬ್ಬಳದಲ್ಲಿ ಹೊಲಿದು, ನೆಲ ಮುಟ್ಟುವಷ್ಟು ಉದ್ದದ ಹೊದಿಕೆ ಮಾಡಿದ್ದಳು. ಎರಡು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದವಳು! ಬೆರಳ ತುದಿಯೆಲ್ಲ ತೂತಾಗಿತ್ತು.

ಪುಟ್ಟಪ್ಪ ಹೊದಿಕೆಯನ್ನು ಮೂಗಿಗೆ ಹಿಡಿದ. ಉಪ್ಪಿನ ಚೀಲಗಳು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂಬುದು ಮಂಗಳೂರಿನ ಕಡೆ ಲಾರಿ ಓಡಿಸಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಿ ತೆರೆದ. ಅವಳು ಬಾಗಿಲ ಪಟ್ಟಿಗೆ ಒರಗಿ, ಏದುಸಿರು ಬಿಡುತ್ತಲೇ, "ಹೆಂಗಿದೆ?" ಎಂದು ನಗುತ್ತಿದ್ದಳು.

"ಭಾರಿ ಚೆನ್ನಾಗಿದೆ ಕಣೆ" ಅಂದ.

ಮಳೆಗೆ ಮೊದಲೇ ಬರುತ್ತೇವಲ್ಲ, ಬೇಸಿಗೆಯಲ್ಲಿ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡು ಅದನ್ನೇ ಹೊದಿಸಿದ. ಎಲ್ಲರ ಮೇಲೂ ಹರಿಹಾಯುತ್ತಿದ್ದ ಆ ಹಾಳು ನಾಲಿಗೆ ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಮದರಾಸಿನಲ್ಲಿ ಇಂದು ನಾಳೆ ಎನ್ನುತ್ತಲೇ ಮಳೆಗಾಲ ಕಳೆದುಹೋಯಿತು. ಕೊನೆಗೆ ಡಾಕ್ಟರು, "ಈ ಹೃದಯ ಆಪರೇಷನ್ ತಡೆಯುವುದಿಲ್ಲ. ಊರಿಗೆ ಕರೆದುಕೊಂಡು ಹೋಗಿ, ಇಷ್ಟಪಟ್ಟದ್ದು ತಿನ್ನಿಸಿ" ಅಂದರು. ನವರಾತ್ರಿಯ ಹೊತ್ತಿಗೆ ಇಬ್ಬರೂ ಕೊಪ್ಪಕ್ಕೆ ಮರಳಿದರು. ವನಜಳನ್ನು ಹಾಸಿಗೆಯಲ್ಲಿ ಮಲಗಿಸಿ, ಪಕ್ಕದ ಮನೆಯ ಸೀತಕ್ಕನಿಗೆ ನೋಡಿಕೊಳ್ಳಲು ಹೇಳಿ, ಪುಟ್ಟಪ್ಪ ಶೆಡ್ಡಿಗೆ ಓಡಿದ.

ಮಳೆಗಾಲವಿಡೀ ನೆಲದಲ್ಲಿ ಜಿನುಗಿದ ನೀರನ್ನೆಲ್ಲ ಕುಡಿದು ಗೋಣಿ ಕಾರಿಗೇ ಅಂಟಿಕೊಂಡಿತ್ತು. ಎಳೆದರೆ ಬಣ್ಣವೂ ಜೊತೆಗೆ ಬಂತು. ಬಾಗಿಲ ಕೆಳಗಿನ ತಗಡಿಗೆ ಬೆರಳಿಟ್ಟರೆ ಬೆರಳೇ ಒಳಗೆ ಹೋಯಿತು. ತಳವೆಲ್ಲ ಪುಡಿಪುಡಿ. ಶಿವಮೊಗ್ಗದಿಂದ ಬಂದ ಮೆಕ್ಯಾನಿಕ್ ಸುತ್ತ ಒಂದು ಸಲ ನಡೆದು, "ಇದನ್ನ ರಸ್ತೆಗಿಳಿಸೋಕೆ ಎಫ್.ಸಿ. ಜನ್ಮದಲ್ಲಿ ಸಿಗಲ್ಲ, ಗುಜರಿಗೆ ಹಾಕಿ" ಎಂದ. ಸಾಹೇಬರು ತಲೆಯ ಮೇಲೆ ಕೈ ಹೊತ್ತು, "ಕಾರಿಗೆ ಹೊದಿಸೋಕೆ ಅಂತ ಗೊತ್ತಿದ್ರೆ ನಾನು ಕೊಡ್ತಿದ್ನಾ ಪುಟ್ಟಪ್ಪ?" ಅಂದರು. ಪುಟ್ಟಪ್ಪನಿಗೆ ಅಳು ಬಂತು, ಅಳಲಿಲ್ಲ.

ಮನೆಗೆ ಹೋದೊಡನೆ ವನಜ ಕೇಳಿದ್ದು ಕಾರಿನ ವಿಷಯವನ್ನೇ. "ಹೊದಿಕೆ ತೆಗ್ದು ನೋಡ್ದೆ. ಹೊಸದರ ಹಂಗಿದೆ" ಅಂದ.

ಅಂದಿನಿಂದ ದಿನವೂ ಖಾಕಿ ಅಂಗಿ ತೊಟ್ಟು ಹೊರಡುತ್ತಿದ್ದ. ಹೋಗುತ್ತಿದ್ದುದು ಸತ್ತಾರ್ ಸಾಹೇಬರ ಮಂಡಿಗೆ, ಮೂಟೆ ಹೊರಲು. ಸಂಜೆ ಬಂದು ಶೃಂಗೇರಿಗೆ ಹೋಗಿದ್ದೆ, ನರಸಿಂಹರಾಜಪುರಕ್ಕೆ ಹೋಗಿದ್ದೆ, ಇಂಥವರು ಹತ್ತಿದ್ದರು, ಇಂಥವರು ಚೌಕಾಸಿ ಮಾಡಿದರು ಎಂದು ಕಥೆ ಕಟ್ಟುತ್ತಿದ್ದ. ಅವಳು ಕೇಳಿ ನಗುತ್ತಿದ್ದಳು.

ಚಳಿ ಶುರುವಾದ ಮೇಲೆ ಒಂದು ದಿನ ವನಜ, "ಹರಿಹರಪುರಕ್ಕೆ ಹೋಗಿ ಹೊಳೆ ನೋಡಣ. ಕಾರಲ್ಲಿ ಒಂದ್ಸಲ ಕೂರ್ಬೇಕು ನಂಗೆ" ಅಂದಳು. ಪುಟ್ಟಪ್ಪ ಪರಮೇಶ್ವರಪ್ಪನ ಅಂಬಾಸಿಡರನ್ನು ಬೇಡಿ ತಂದ. ಅದೂ ಅದೇ ಬಣ್ಣದ್ದು. ವನಜ ಹತ್ತಿ ಕೂತಳು, ಸೀಟಿನ ಮೇಲೆ ಕೈಯಾಡಿಸಿದಳು. ತುಂಗೆಯ ದಡದಲ್ಲಿ ಕಾರು ನಿಲ್ಲಿಸಿದಾಗ ಕೇಳಿದಳು.

"ಯಾರ ಕಾರ್ ರೀ ಇದು?"

ಪುಟ್ಟಪ್ಪ ಸ್ಟೇರಿಂಗು ಹಿಡಿದು ಕೂತೇ ಇದ್ದ.

"ನಿಮ್ಮ ಅಂಗೀಲಿ ಪೆಟ್ರೋಲ್ ವಾಸನೆನೇ ಇಲ್ಲ, ಬರೀ ಉಪ್ಪು. ನಂಗೆ ಆಗ್ಲೇ ಗೊತ್ತಾಯ್ತು" ಅಂದಳು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಚೀಲ ಎರಡು ಸಲ ತೊಳ್ದಿದ್ದೆ. ಮೂರನೇ ಸಲಕ್ಕೆ ಬಾವೀಲಿ ನೀರು ಸೇದಕ್ಕೆ ಆಗ್ಲಿಲ್ಲ. ಸಾಕು ಅಂದ್ಕೊಂಡೆ."

"ನಿಂದೇನೂ ತಪ್ಪಿಲ್ಲ ವನಜ. ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಹೊದಿಸ್ದೆ."

ಅವಳು ಅವನ ಕಡೆ ತಿರುಗಿದಳು. ಮದರಾಸಿನ ಡಾಕ್ಟರು ಕೈಚೆಲ್ಲಿದ ದಿನವೂ ಅವಳ ಮುಖ ಹಾಗಾಗಿರಲಿಲ್ಲ.

"ಬೈಬಾರ್ದಿತ್ತಾ ನಂಗೆ?" ಅಂದಳು. "ಊರೋರ್ನೆಲ್ಲ ಬೈತಿದ್ರಿ. ನಂಗೊಂದು ಮಾತು ಬೈದಿದ್ರೆ ನಾನು ಹೋದ್ಮೇಲೂ ನಿಮ್ಗೆ ಕಾರು ಇರ್ತಿತ್ತು."

ಪುಟ್ಟಪ್ಪ ಕಾರು ತಿರುಗಿಸಿದ. ಕತ್ತಲಾಗುವುದರೊಳಗೆ ಪರಮೇಶ್ವರಪ್ಪನ ಕಾರನ್ನು ಸ್ಟ್ಯಾಂಡಿಗೆ ಮುಟ್ಟಿಸಬೇಕಿತ್ತು.