ಸೋಡಾ ಅಂಗಡಿಯ ಅನುಮಾನ

ನಮ್ಮ ಎದುರಿನ ಸೋಡಾ ಅಂಗಡಿಯ ಯಜಮಾನನಿಗೆ ಅನುಮಾನ ಹುಟ್ಟುಗುಣ. ಹಾಲಿನವನು ಅಳೆದು ಹೋದ ಮೇಲೆ ತಾನೊಂದು ಸಲ ಅಳೆಯುತ್ತಿದ್ದ. ಬೀಗ ಹಾಕಿ ಬೀದಿಯ ತುದಿಗೆ ಹೋದವನು ಮರಳಿ ಬಂದು ಜಗ್ಗಿ ನೋಡುತ್ತಿದ್ದ. ಇಂಥವನ ಅಂಗಡಿಯಲ್ಲಿ ಸೋಡಾ ತುಂಬುವ ಕೆಲಸ ಹೆಂಡತಿಯ ತಮ್ಮನದು. ಅಕ್ಕನ ಮನೆ ಬಿಟ್ಟರೆ ಅವನಿಗೆ ಬೇರೆ ನೆಲೆಯಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಕಲ್ಲಿನ ತೊಟ್ಟಿಯ ನೀರಿಗೆ ಯಂತ್ರದಲ್ಲಿ ಸಿಲಿಂಡರಿನ ಗ್ಯಾಸ್ ಬೆರೆಸಿ ಬಾಟಲಿ ತುಂಬುತ್ತಿದ್ದ. ತುಟಿ ಬಿಚ್ಚುವವನಲ್ಲ.

ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಗಿರಾಕಿಗಳ ಗೊಣಗಾಟ ಶುರುವಾಯಿತು, ಸೋಡಾ ಮೊದಲಿನಂತೆ ಮೂಗಿಗೆ ಏರುತ್ತಿಲ್ಲ ಎಂದು. ಯಜಮಾನ ಹೆಂಡತಿಯ ಕಿವಿ ಕಚ್ಚಿದ.

“ನಿನ್ನ ತಮ್ಮ ಗ್ಯಾಸ್ ಉಳಿಸಿ ಹೊರಗೆ ಮಾರ್ತಿದಾನೆ ಕಣೇ.”

“ಗ್ಯಾಸೇನು ಜೇಬಿಗೆ ಹಾಕ್ಕೊಂಡು ಹೋಗ್ತಾನೇನ್ರೀ?”

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ. ನನ್ನ ಕಣ್ಣು ತೆರೆದೇ ಇದೆ.”

ಮರುದಿನವೇ ಯಂತ್ರವನ್ನು ಅಂಗಡಿಯ ಮುಂದಿನ ತಗಡಿನ ಚಪ್ಪರದಡಿಗೆ ಎಳೆಸಿದ. ನೀರಿಗೆ ಪಕ್ಕದಲ್ಲೊಂದು ಕಬ್ಬಿಣದ ಡ್ರಮ್ಮು. ಗಲ್ಲಾದಲ್ಲಿ ಕೂತು ರೆಪ್ಪೆ ಮಿಟುಕಿಸದೆ ಕಾದ. ಸೋಡಾ ಇನ್ನೂ ಸಪ್ಪೆಯಾಯಿತು! ಕಣ್ಣೆದುರೇ ಕದಿಯುತ್ತಾನೆಂದರೆ ಎಂಥ ಕೈಚಳಕವಿರಬೇಕು!

“ನಾಳೆಯಿಂದ ನೀನು ಅಂಗಡಿಗೂ ಬೇಡ, ಮನೆಗೂ ಬೇಡ” ಎಂದುಬಿಟ್ಟ.

ಅಕ್ಕ ಅಳುತ್ತಾ ನಿಂತಳು. ತಮ್ಮ ಒಳಗಿನ ತೊಟ್ಟಿಯಿಂದ ತಣ್ಣನೆಯ ನೀರು ತಂದು ಒಂದು ಬಾಟಲಿ ತುಂಬಿದ. ಡ್ರಮ್ಮಿನ ನೀರಿನದು ಇನ್ನೊಂದು. ಗ್ಯಾಸಿನ ಒತ್ತಡ ಎರಡಕ್ಕೂ ಒಂದೇ.

“ಕುಡೀರಿ ಭಾವ.”

ಮೊದಲನೆಯದು ಮೂಗಿಗೇರಿ ಭಾವನ ಕಣ್ಣಲ್ಲಿ ನೀರು ಬಂತು. ಎರಡನೆಯದು ಬಾಯಿ ಮುಕ್ಕಳಿಸಲೂ ಲಾಯಕ್ಕಿರಲಿಲ್ಲ.

“ಸಕ್ಕರೆ ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತೆ. ಗ್ಯಾಸಿನದು ಉಲ್ಟಾ. ನೀರು ತಣ್ಣಗಿದ್ರೇನೇ ಕರಗಿ ನಿಲ್ಲೋದು. ನೀರು ಕಾದ್ರೆ ಎಷ್ಟು ಒತ್ತಿ ತುಂಬಿದ್ರೂ ಮೊದಲಿನಷ್ಟು ಹಿಡಿಯಲ್ಲ. ಬಾಗಿಲಿಂದ ನುಗ್ಗೋ ಬಿಸಿಗಾಳಿಗೆ ತೊಟ್ಟಿ ನೀರೇ ಒಂದಿಷ್ಟು ಬೆಚ್ಚಗಾಗಿತ್ತು, ಕೋಣೆ ಮುಚ್ಚಿದ ಮೇಲೆ ತಣ್ಣಗಾಯ್ತು. ನೀವು ನೀರನ್ನೇ ಹೊರಗೆ ತಂದು ತಗಡಿನಡಿ ಕಾಯಿಸಿದ್ರಿ.”

“ಮೊದಲೇ ಬಾಯಿ ಬಿಡೋಕೇನಾಗಿತ್ತೋ?”

“ಹೇಳಿದ್ರೆ, ಒಳಗೆ ಹೋಗಿ ಕದಿಯೋಕೆ ನೆಪ ತೆಗೀತಾನೆ ಅಂತಿದ್ರಿ.”

ಯಜಮಾನ ಬಾಟಲಿಗಳ ತಳ ಎತ್ತಿ ನೋಡಿದ, ಮೂಸಿದ. ಏನೂ ಸಿಗಲಿಲ್ಲ.

“ಸರಿ, ಇರು.”

“ಇರ್ತೀನಿ. ಆದ್ರೆ ಒಳಗೇ ತುಂಬೋದು, ಬಾಗಿಲು ಹಾಕ್ಕೊಂಡು. ಬಿಸಿಗಾಳಿ ನುಗ್ಗಬಾರದು.”

“ಬಾಗಿಲು ಯಾಕೋ?”

ಅಳುತ್ತಿದ್ದ ಅಕ್ಕ ಫಕ್ಕನೆ ನಕ್ಕಳು.

ಈಗ ಗಿರಾಕಿಗಳ ಗೊಣಗಾಟವಿಲ್ಲ. ಯಜಮಾನ ಮಾತ್ರ ಗಲ್ಲಾಕ್ಕೆ ಹೆಂಡತಿಯನ್ನು ಕೂರಿಸಿ, ಆ ಮುಚ್ಚಿದ ಬಾಗಿಲಿಗೆ ಕಿವಿಯಾನಿಸಿ ಕೂತಿರುತ್ತಾನೆ.